ಶಿಕಾಗೋಗೆ ಹೊಸಬರಾ? 1985ರ ಬೇರ್ಸ್ ಕಥೆ ಮೊದಲು ತಿಳಿದುಕೊಳ್ಳಿ

ಕಾಗದಪತ್ರದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಮೊದಲು ಸೋಷಿಯಲ್ ಸೆಕ್ಯುರಿಟಿ ನಂಬರ್, ಆಮೇಲೆ ಬ್ಯಾಂಕ್, ಆಮೇಲೆ ಡ್ರೈವಿಂಗ್ ಲೈಸೆನ್ಸ್. ಇಲಿನಾಯ್‌ನಲ್ಲಿ ಲೈಸೆನ್ಸ್ ಕೊಡುವುದು ಸೆಕ್ರೆಟರಿ ಆಫ್ ಸ್ಟೇಟ್ ಆಫೀಸು. ದಿನಸಿಗೆ ಡಿವಾನ್ ಅವೆನ್ಯೂ, ದೇವಸ್ಥಾನಕ್ಕೆ ಲೆಮಾಂಟ್ ಅಥವಾ ಅರೋರಾ. ಇದನ್ನೆಲ್ಲ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ.

ಯಾರೂ ಹೇಳದೇ ಇರುವುದು 1985ರ ಬಗ್ಗೆ. ಆ ವರ್ಷ ಶಿಕಾಗೋ ಬೇರ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡ ಆಡಿ, ಸೂಪರ್ ಬೌಲ್ ಅನ್ನುವ ಲೀಗ್ ಫೈನಲ್ ಗೆದ್ದ ರೀತಿ ಇಲ್ಲಿನವರ ತಲೆಯಿಂದ ಇವತ್ತಿಗೂ ಇಳಿದಿಲ್ಲ. ಪಕ್ಕದ ಮನೆಯಾತ, ಹಿಮ ತೆಗೆಯಲು ಬರುವಾತ, ನಿಮ್ಮ ಹಲ್ಲಿನ ಡಾಕ್ಟರು, ಐವತ್ತು ದಾಟಿದ ಯಾರೇ ಇರಲಿ, ಮಾತು ಒಂದಲ್ಲ ಒಂದು ದಿನ ಅಲ್ಲಿಗೇ ಬರುತ್ತದೆ. ಬಂದಾಗ ಸುಮ್ನೆ ತಲೆ ಆಡಿಸಿದರೆ ಸಾಲದು.

ನಾನು ತಲೆ ಆಡಿಸಿದ್ದರೂ ಪರವಾಗಿರಲಿಲ್ಲ, ಬಾಯಿ ಬಿಟ್ಟೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ಹಿರಿಯ ಸಹೋದ್ಯೋಗಿ ಆ ಸೀಸನ್ ಬಗ್ಗೆ ಖುಷಿಯಾಗಿ ಹೇಳುತ್ತಿದ್ದ. ನಾನು ದೊಡ್ಡ ಜಾಣನ ಥರ, "ಆಮೇಲೆ ಒಂದು ಸಲವೂ ಗೆದ್ದಿಲ್ಲವಲ್ಲ, ಇನ್ನೂ ಎಷ್ಟು ದಿನ ಅದನ್ನೇ ಹೇಳುತ್ತೀರಿ?" ಅಂದುಬಿಟ್ಟೆ. ಆತ ಸಿಟ್ಟಾಗಲಿಲ್ಲ. ಡಬ್ಬಿ ಮುಚ್ಚಿ ಎದ್ದು ಹೋದ. ಅವತ್ತಿನಿಂದ ಮೀಟಿಂಗ್ ಬಿಟ್ಟರೆ ನನ್ನ ಹತ್ತಿರ ಮಾತೇ ಇಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "83ರ ವರ್ಲ್ಡ್ ಕಪ್ ಬಗ್ಗೆ ಯಾರಾದರೂ ಮಾವನ ಹತ್ತಿರ ಹೀಗೆ ಅಂದಿದ್ರೆ?" ಅಂದಳು. ನಮ್ಮಪ್ಪ ರೋಜರ್ ಬಿನ್ನಿ ತೆಗೆದ 18 ವಿಕೆಟ್ ಬಗ್ಗೆ ಈಗಲೂ ತಾನೇ ಬೌಲಿಂಗ್ ಮಾಡಿದ ಹಾಗೆ ಹೇಳುವವರು. ಆಗ ನನಗೆ ಅರ್ಥವಾಯಿತು, ಆದರೆ ಆಡಿದ ಮಾತು ಆಡಿಯಾಗಿತ್ತು.

ಸರಿ, ವಿಷಯಕ್ಕೆ ಬರೋಣ. ಲೀಗ್‌ನಲ್ಲಿ 16 ಪಂದ್ಯ, ಗೆದ್ದದ್ದು 15. ಕೋಚ್ ಮೈಕ್ ಡಿಟ್ಕಾ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಿಮ್ ಮೆಕ್‌ಮ್ಯಾನ್, ಕಪ್ಪು ಕನ್ನಡಕ, ಹಣೆಗೆ ಪಟ್ಟಿ, ಯಾರ ಮಾತೂ ಕೇಳದ ಪುಂಡ. ಪೆಟ್ಟಾಗಿ ಬೆಂಚಿನಲ್ಲಿ ಕೂತಿದ್ದವನು ಮಿನೆಸೋಟಾ ವಿರುದ್ಧ ತಂಡ ಹಿಂದೆ ಬಿದ್ದಾಗ ಎದ್ದು ಬಂದು ಒಂದೇ ಕ್ವಾರ್ಟರ್‌ನಲ್ಲಿ (ಆಟದ ಕಾಲು ಭಾಗದಲ್ಲಿ) ಮೂರು ಟಚ್‌ಡೌನ್ ಎಸೆದ. ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸುವುದು. ಆದರೆ ಆ ತಂಡದ ಜೀವ ಇದ್ದದ್ದು ಡಿಫೆನ್ಸ್‌ನಲ್ಲಿ. ಅದನ್ನು ಕಟ್ಟಿದವನು ಡಿಫೆನ್ಸ್ ಕೋಚ್ ಬಡ್ಡಿ ರಯನ್. ಆ ಪದ್ಧತಿಗೆ 46 ಅಂತ ಹೆಸರು. ಡಗ್ ಪ್ಲಾಂಕ್ ಎಂಬ ಹಳೆಯ ಆಟಗಾರನ ಜರ್ಸಿ ನಂಬರ್ ಅದು, 1985ರಲ್ಲಿ ಆತ ತಂಡದಲ್ಲೇ ಇರಲಿಲ್ಲ. ಎದುರಾಳಿ ಚೆಂಡು ಹಿಡಿಯುವ ಹೊತ್ತಿಗೆ ಮುಂದಿನ ಸಾಲಿನ ಹತ್ತಿರ ಎಷ್ಟೊಂದು ಜನ ಬಂದು ಮುತ್ತುತ್ತಿದ್ದರು ಅಂದರೆ, ಯಾರು ಮೇಲೆ ಬೀಳುತ್ತಾರೆ ಯಾರು ಹಿಂದೆ ಸರಿಯುತ್ತಾರೆ ಅಂತ ಅಳೆಯುವಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದಿರುತ್ತಿದ್ದ. ಡಲ್ಲಾಸ್ ತಂಡವನ್ನು ಅದರ ಊರಿನಲ್ಲೇ 44-0 ಅಂತ ಸೋಲಿಸಿದ್ದು ಹೀಗೆ.

ಸೋತ ಆ ಒಂದು ಪಂದ್ಯ ಮಯಾಮಿಯಲ್ಲಿ, ಡಿಸೆಂಬರ್ 2, ಸೋಮವಾರ ರಾತ್ರಿ, 38-24. ಗೆದ್ದ ಪಂದ್ಯಗಳಿಗಿಂತ ಈ ಸೋಲಿನ ಬಗ್ಗೆಯೇ ಜನ ಜಾಸ್ತಿ ಮಾತಾಡುತ್ತಾರೆ. ಒಂದೂ ಸೋಲದೆ ಇಡೀ ಸೀಸನ್ ಮುಗಿಸಿದ ದಾಖಲೆ 1972ರ ಮಯಾಮಿ ತಂಡದ್ದು. ಅದನ್ನು ಕಾಪಾಡಿದ್ದೂ ಮಯಾಮಿಯೇ. ಮಧ್ಯಂತರದಲ್ಲಿ ಡಿಟ್ಕಾಗೂ ರಯನ್‌ಗೂ ಹೊಡೆದಾಟದ ಹಂತಕ್ಕೆ ಜಗಳವಾಯಿತು. ಮಾರನೇ ದಿನವೇ ಆಟಗಾರರು ಹೋಗಿ, ಸೂಪರ್ ಬೌಲ್ ನಮ್ಮದೇ ಅಂತ ಹಾಡಿ ಕುಣಿದು ವಿಡಿಯೋ ಮಾಡಿಸಿಕೊಂಡರು. ನಮ್ಮ ಮನೆಯಲ್ಲಾಗಿದ್ದರೆ ದೃಷ್ಟಿ ತಾಗುತ್ತೆ ಅಂತ ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದರು.

ಜನವರಿಯ ನಾಕೌಟ್ ಪಂದ್ಯಗಳು ಸೋಲ್ಜರ್ ಫೀಲ್ಡ್‌ನಲ್ಲಿ, ಮಿಶಿಗನ್ ಸರೋವರದ ಪಕ್ಕ. ಇಲ್ಲಿನ ಗಾಳಿ ಹೇಗೆ ಅಂತ ನಿಮಗೆ ನವೆಂಬರ್ ಹೊತ್ತಿಗೆ ಗೊತ್ತಾಗುತ್ತದೆ. ನ್ಯೂಯಾರ್ಕ್ ಜಯಂಟ್ಸ್ ತಂಡದ ಶಾನ್ ಲ್ಯಾಂಡೆಟಾ ಚೆಂಡು ಒದೆಯಲು ಕೈಬಿಟ್ಟ, ಗಾಳಿ ಅದನ್ನು ಪಕ್ಕಕ್ಕೆ ತಳ್ಳಿತು, ಕಾಲಿಗೆ ಸವರಿದ ಹಾಗಾಗಿ ಅಲ್ಲೇ ಬಿತ್ತು. ಬೇರ್ಸ್‌ನವನೊಬ್ಬ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದ. ಆ ಪಂದ್ಯ 21-0, ಮುಂದಿನದು ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ 24-0. ಸೂಪರ್ ಬೌಲ್ 1986ರ ಜನವರಿ 26ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ನ್ಯೂ ಇಂಗ್ಲೆಂಡ್ ವಿರುದ್ಧ 46-10. ಆಟ ಮುಗಿದ ಮೇಲೆ ಡಿಟ್ಕಾನನ್ನೂ ಹೆಗಲ ಮೇಲೆ ಹೊತ್ತರು, ರಯನ್‌ನನ್ನೂ ಹೊತ್ತರು. ರಯನ್ ಬೇರೆ ತಂಡಕ್ಕೆ ಕೋಚ್ ಆಗಿ ಹೋದ.

ಈಗ ವಾಲ್ಟರ್ ಪೇಟನ್. ಇವನೊಬ್ಬನ ಹೆಸರನ್ನಾದರೂ ನೆನಪಿಟ್ಟುಕೊಳ್ಳಿ, ಜರ್ಸಿ ನಂಬರ್ 34. ಮಿಸಿಸಿಪಿಯಿಂದ 1975ರಲ್ಲಿ ಬಂದವನು. ತಂಡ ಸೋಲುತ್ತಿದ್ದ ವರ್ಷಗಳಲ್ಲೂ ಚೆಂಡು ಹಿಡಿದು ಓಡಿದ, ಏಟು ತಿಂದ, ಮತ್ತೆ ಎದ್ದು ಓಡಿದ. ಹತ್ತು ವರ್ಷ ಕಾದು ಸೂಪರ್ ಬೌಲ್‌ಗೆ ಬಂದರೆ ಅಲ್ಲಿ ಅವನಿಗೆ ಒಂದು ಟಚ್‌ಡೌನ್ ಕೂಡ ಸಿಗಲಿಲ್ಲ. ಗೋಲ್ ಲೈನ್‌ಗೆ ಒಂದು ಗಜ ಇದ್ದಾಗ ಡಿಟ್ಕಾ ಚೆಂಡು ಕೊಡಿಸಿದ್ದು ವಿಲಿಯಂ ಪೆರ್ರಿಗೆ. ಆ ವರ್ಷವಷ್ಟೇ ಸೇರಿದ ಹುಡುಗ, ಡಿಫೆನ್ಸ್‌ನಲ್ಲಿ ಆಡುವವನು, ತೂಕ 300 ಪೌಂಡ್ ಮೇಲೆ, ಎಲ್ಲರೂ ಫ್ರಿಜ್ ಅಂತ ಕರೆಯುತ್ತಿದ್ದರು. ಸ್ಕೋರು 44-3 ಆಯಿತು, ಜನ ನಕ್ಕು ಕುಣಿದರು. ಗೆದ್ದಾಗಿತ್ತಲ್ಲ ಸ್ವಾಮಿ, ಆ ಒಂದು ಗಜ ಪೇಟನ್‌ಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಡಿಟ್ಕಾ ಆಮೇಲೆ ತಾನೇ ಪಶ್ಚಾತ್ತಾಪ ಪಟ್ಟಿದ್ದಾನೆ. ನಾನು ಆಗ ಇಲ್ಲಿ ಇರಲೂ ಇಲ್ಲ, ಆದರೂ ಹೊಟ್ಟೆ ಉರಿಯುತ್ತದೆ. ಪೇಟನ್ 1999ರಲ್ಲಿ, 45ನೇ ವಯಸ್ಸಿಗೇ, ಲಿವರ್ ಕಾಯಿಲೆಯಿಂದ ತೀರಿಕೊಂಡ. ಶಿಕಾಗೋ ನಗರದೊಳಗೆ ಮನೆ ಮಾಡುವವರು ಮಕ್ಕಳನ್ನು ಸೇರಿಸಬೇಕು ಅಂತ ಒದ್ದಾಡುವ ಸರ್ಕಾರಿ ಹೈಸ್ಕೂಲುಗಳಲ್ಲಿ ಒಂದಕ್ಕೆ ಅವನದೇ ಹೆಸರು.

ನನ್ನ ಮಗ ಇಲ್ಲೇ ಹುಟ್ಟಿದವನು. ಈ ಕಥೆಯನ್ನೆಲ್ಲ ಅವನು ಗೆಳೆಯರ ಮನೆಯಲ್ಲಿ, ಅವರ ಅಪ್ಪಂದಿರ ಬಾಯಲ್ಲಿ ಕೇಳಿ ಕಲಿತ. ಮಯಾಮಿ ಸೋಲಿನ ಬಗ್ಗೆ ವಾದ ಮಾಡುವಾಗ "ನಾವು ಅವತ್ತು ಸೋಲಬಾರದಿತ್ತು" ಅನ್ನುತ್ತಾನೆ. ಫೋನಿನಲ್ಲಿ ತಾತ ಕಿರ್ಮಾನಿ ಕೀಪಿಂಗ್ ವರ್ಣಿಸಿದರೆ "ಹೂಂ ತಾತ, ಹೂಂ ತಾತ" ಅಂತ ಮರ್ಯಾದೆಗೆ ಕೇಳುತ್ತಾನೆ ಅಷ್ಟೆ. ತಾತನಿಗೂ ಮೊಮ್ಮಗನಿಗೂ ಹೇಳಿಕೊಳ್ಳಲು ಒಂದೊಂದು ತಂಡ ಇದೆ. ನಾನು ನಡುವೆ ಕೂತವನು. 83ರಲ್ಲಿ ಅರ್ಥವಾಗದಷ್ಟು ಚಿಕ್ಕವನು, 85ರಲ್ಲಿ ಬೇರೆ ದೇಶದವನು. ಅವನು "ನಾವು" ಅಂದಾಗ ನನಗೆ ಸಂತೋಷವೂ ಆಗುತ್ತದೆ, ಎಲ್ಲೋ ಸ್ವಲ್ಪ ಕಸಿವಿಸಿಯೂ ಆಗುತ್ತದೆ. ನಿಮಗೂ ಆಗುತ್ತದೆ, ನೋಡ್ತಾ ಇರಿ.

ಆ ಮಗನೇ ಒಂದು ದಿನ ಸ್ಕೂಲ್ ತಂಡದಲ್ಲಿ ಆಡುತ್ತೇನೆ ಅಂದ. ನಾವು ಬೇಡ ಅಂದೆವು. ಅದಕ್ಕೆ ಕಾರಣವೂ ಇದೇ ತಂಡ. ಆ 85ರ ಡಿಫೆನ್ಸ್‌ನಲ್ಲಿ ಆಡಿದ ಡೇವ್ ಡ್ಯೂರ್ಸನ್ 2011ರಲ್ಲಿ, 50ನೇ ವಯಸ್ಸಿನಲ್ಲಿ, ತಾನಾಗಿ ಪ್ರಾಣ ಕಳೆದುಕೊಂಡ. ತನ್ನ ಮೆದುಳನ್ನು ಪರೀಕ್ಷೆಗೆ ಕೊಡಿ ಅಂತ ಹೇಳಿ ಹೋಗಿದ್ದ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಬರುವ ಕಾಯಿಲೆ ಅದರಲ್ಲಿ ಸಿಕ್ಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಬಾಮಾ ಈ ತಂಡವನ್ನು ವೈಟ್ ಹೌಸ್‌ಗೆ ಕರೆಸಿದರು. ಗೆದ್ದ ಎರಡೇ ದಿನಕ್ಕೆ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಆಗ ತಪ್ಪಿಹೋಗಿದ್ದ ಭೇಟಿ ಅದು. ಬರಬೇಕಾದವರಲ್ಲಿ ಪೇಟನ್ ಇರಲಿಲ್ಲ, ಡ್ಯೂರ್ಸನ್ ಇರಲಿಲ್ಲ. ಮಕ್ಕಳನ್ನು ಆಡಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಇಲ್ಲಿನವರ ಮನೆಗಳಲ್ಲೂ ಇದೇ ಜಗಳ ನಡೆಯುತ್ತದೆ, ನಾವೊಬ್ಬರೇ ಅಂಜುಬುರುಕರಲ್ಲ.

ಇನ್ನು ಸಣ್ಣಪುಟ್ಟ ವಿಷಯ. ಯಾರಾದರೂ 85 ಅಂದರೆ, "ಆ ಪಂದ್ಯ ಎಲ್ಲಿ ಕೂತು ನೋಡಿದಿರಿ?" ಅಂತ ಕೇಳಿ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹೊದ್ದು ಹೊರಟರೆ ಕ್ಯಾನ್ಸಸ್ ಸಿಟಿ ತಂಡದ ಅಭಿಮಾನಿಯಾ ಅಂತ ಕೇಳುವವರು ಇರುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಪಂದ್ಯ ಸಾಮಾನ್ಯವಾಗಿ ಭಾನುವಾರ ಮಧ್ಯಾಹ್ನ 12ಕ್ಕೆ, ನಮ್ಮ ಸತ್ಯನಾರಾಯಣ ಪೂಜೆಯ ಮಂಗಳಾರತಿ ಹೊತ್ತಿಗೆ ಸರಿಯಾಗಿ. ಬೇರ್ಸ್‌ನ ಬದ್ಧ ವೈರಿ ಗ್ರೀನ್ ಬೇ ತಂಡದ ವಿರುದ್ಧ ಆಟ ಇರುವ ಭಾನುವಾರ ಮಾತ್ರ ನಾಮಕರಣ ಇಟ್ಟುಕೊಳ್ಳಬೇಡಿ. ಮುಹೂರ್ತ ಅದೇ ದಿನ ಬಂತು, ಬೇರೆ ದಾರಿಯಿಲ್ಲ ಅಂತಾದರೆ ಟೀವಿ ಇರುವ ಹಾಲ್ ಬುಕ್ ಮಾಡಿ.