ಗೊಣ್ಣೆಹುಳುವನ್ನು ಡಬ್ಬಿಯಲ್ಲೇ ದುಂಬಿ ಮಾಡಿದ್ದು: ನನ್ನ ಅನುಭವ

ಗೊಣ್ಣೆಹುಳು ಅಂದರೆ ಮಣ್ಣಲ್ಲಿದ್ದು ಬೇರು ತಿನ್ನುವ, ದುಂಬಿಯ ಮರಿಹುಳು. ಅದನ್ನು ತಂದು ಸಾಕಿ ದುಂಬಿ ಮಾಡುವುದು ಆಗದ ಕೆಲಸ ಎಂದು ಹೇಳದವರೇ ಇಲ್ಲ. "ಬಾರ್‌ಕೋಡ್ ಮಾಡಿಸು, ವಾರದಲ್ಲಿ ಹೆಸರು ಬರುತ್ತೆ" ಎಂದವರೇ ಜಾಸ್ತಿ. ಅಂದರೆ ಹುಳುವಿನ ಡಿಎನ್‌ಎಯನ್ನು ಗೊತ್ತಿರುವ ಜಾತಿಗಳದ್ದರ ಜೊತೆ ಹೋಲಿಸಿ ಜಾತಿಯ ಹೆಸರು ಹೇಳುವುದು. ಬರುತ್ತೆ, ಒಪ್ಪಿದೆ. ಆದರೆ ಯಾರಾದರೂ ಮೊದಲೇ ಆ ದುಂಬಿಯನ್ನು ಸರಿಯಾಗಿ ಗುರುತಿಸಿ ಅದರ ಡಿಎನ್‌ಎ ಹಾಕಿಟ್ಟಿದ್ದರೆ ತಾನೆ? ಜೊತೆಗೆ ಆಗ ನನಗೆ ಹೇಳಿದ ರೇಟು ಒಂದು ಸ್ಯಾಂಪಲ್‌ಗೆ ಸಾವಿರದ ಮೇಲೆ. ನನ್ನ ಹತ್ತಿರ ಇದ್ದದ್ದು ಇನ್ನೂರು ಚಿಲ್ಲರೆ ಹುಳು. ಫೆಲೋಶಿಪ್ ದುಡ್ಡು ಯಾವಾಗ ಬರುತ್ತೆ ಅನ್ನೋದು ನಿಮಗೂ ಗೊತ್ತಲ್ವಾ.

ತೊಂದರೆ ಏನೆಂದರೆ, ಜಾತಿ ಗುರುತಿಸಲು ನಾವು ಬಳಸುವ ಲಕ್ಷಣಗಳ ಪಟ್ಟಿಗಳೆಲ್ಲ (ಕೀ) ಹೆಚ್ಚುಕಡಿಮೆ ಬಲಿತ ದುಂಬಿಗೆ. ಗದ್ದೆಯಲ್ಲಿ ಸಿಗುವುದು ಹುಳು. ಈ ಹುಳು ಆ ದುಂಬಿಯದ್ದೇ ಎಂದು ಹೇಳಬೇಕಾದರೆ ಎರಡೂ ಒಂದೇ ಜೀವದಿಂದ ಬರಬೇಕು. ಸಾಕದೆ ಬೇರೆ ದಾರಿ ಕಾಣಲಿಲ್ಲ.

ಹುಳು ತಂದದ್ದು ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಿಂದ, ಆಗಸ್ಟ್ ಕೊನೆಗೆ. ಒಣಗಿದ ಕಬ್ಬಿನ ಬುಡ ಎಳೆದರೆ ಸುಮ್ನೆ ಕೈಗೆ ಬರುತ್ತೆ, ಕೆಳಗೆ ಬೇರೇ ಇರಲ್ಲ. ಗದ್ದೆಯವರು ಕೇಳಿದರು, "ಸಾ, ಇದ್ನ ಸಾಕಕ್ಕೂ ದುಡ್ಡು ಕೊಡ್ತಾರಾ?" ಕೊಡಲ್ಲ ಎಂದರೆ ನಂಬಲಿಲ್ಲ.

ಮೊದಲ ವರ್ಷ ದೊಡ್ಡ ಟಬ್ಬಿನಲ್ಲಿ ಇಪ್ಪತ್ತಿಪ್ಪತ್ತು ಹುಳು ಬಿಟ್ಟೆ. ಮೂರನೇ, ಅಂದರೆ ಕೊನೆಯ ಹಂತದ ಹುಳುವಿನ ದವಡೆ ಬಲು ಗಟ್ಟಿ. ಒಂದನ್ನೊಂದು ಕಚ್ಚಿದವು, ಕಚ್ಚಿದ ಜಾಗ ಕಪ್ಪಾಯಿತು, ವಾರದೊಳಗೆ ಅರ್ಧ ಖಾಲಿ. ಉಳಿದವನ್ನು ಆಟೋಕ್ಲೇವ್ ಮಾಡಿದ, ಅಂದರೆ ಬಿಸಿ ಆವಿಯಲ್ಲಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದ ಮಣ್ಣಿಗೆ ಹಾಕಿದೆ, ತಿನ್ನುವುದನ್ನೇ ಬಿಟ್ಟವು. ಗದ್ದೆಯ ಮಣ್ಣನ್ನು ಹಾಗೇ ತಂದು ಹಾಕಿದರೆ ಹಸಿರು ಬೂಷ್ಟು. ಕೀಟಗಳನ್ನು ಕೊಲ್ಲುವ ಶಿಲೀಂಧ್ರ, ಮೆಟಾರೈಜಿಯಂ! ಜೈವಿಕ ನಿಯಂತ್ರಣದ ಮೇಲೆ ಕೆಲಸ ಮಾಡುವ ಪಕ್ಕದ ರೂಮಿನವರು ಸತ್ತ ಹುಳುಗಳನ್ನೆಲ್ಲ ಖುಷಿಯಿಂದ ಹೊತ್ತೊಯ್ದರು. ನನಗೆ ಒಂದು ಟೀ ಕೂಡ ಕೊಡಿಸಲಿಲ್ಲ.

ಎರಡನೇ ವರ್ಷ ಸಾಂಬಾರ್ ಪಾರ್ಸಲ್ ಕೊಡುವ ಮುಚ್ಚಳದ ಡಬ್ಬಿ ತಂದೆ. ಹೋಲ್‌ಸೇಲ್‌ನಲ್ಲಿ ಒಂದಕ್ಕೆ ನಾಲ್ಕು ರೂಪಾಯಿ ಬಿತ್ತು ಅಂತ ನೆನಪು. ಡಬ್ಬಿಗೆ ಒಂದೇ ಹುಳು. ಮಣ್ಣು ಅದೇ ಗದ್ದೆಯದ್ದು, ಆದರೆ ಜರಡಿ ಹಿಡಿದು ಎರಡು ದಿನ ಬಿಸಿಲಿಗೆ ಹರಡಿ ಮತ್ತೆ ನೀರು ಚಿಮುಕಿಸಿದ್ದು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ಮುಟ್ಟಿದರೆ ಒಡೆಯಬೇಕು. ಅದಕ್ಕೆ ಇನ್ನೊಂದು ವಸ್ತು ಸ್ವಲ್ಪ ಬೆರೆಸುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ಸಂಶೋಧನಾ ಪೇಪರ್ ಬರಲಿ. ಆಹಾರಕ್ಕೆ ಕ್ಯಾರೆಟ್ ಹಾಕಿದಾಗ ಕೊಳೆತು ನುಸಿ ಬಂತು. ಆಲೂಗಡ್ಡೆ ಹೋಳು ವಾಸಿ. ಎಲ್ಲಕ್ಕಿಂತ ಚೆನ್ನಾಗಿ ಹಿಡಿದದ್ದು ಮುಸುಕಿನ ಜೋಳದ ಮೊಳಕೆ. ತಾಪ ಒಂದೇ ಸಮ ಇಡುವ ಬಿಒಡಿ ಇನ್‌ಕ್ಯುಬೇಟರ್ ಕೇಳಿದ್ದೆ, ಸಿಗಲಿಲ್ಲ. ಹಳೆ ಸ್ಟೋರ್ ರೂಮಿನ ಕಲ್ಲು ನೆಲದ ಮೇಲೆ ಡಬ್ಬಿ ಜೋಡಿಸಿದೆ, ಅಷ್ಟೇ.

ಕೆಲವು ಡಬ್ಬಿಗಳಲ್ಲಿ ಹುಳುವಿನ ಬದಲು ಕಂದು ಬಣ್ಣದ ಉದ್ದನೆ ಗೂಡು ಸಿಕ್ಕಿತು. ಗೊಣ್ಣೆಹುಳುವನ್ನೇ ತಿಂದು ಬೆಳೆಯುವ ಸ್ಕೋಲಿಡ್ ಕಣಜದ್ದು. ಗದ್ದೆಯಲ್ಲೇ ಹುಳುವಿನ ಹೊಟ್ಟೆಗೆ ಮೊಟ್ಟೆ ಅಂಟಿಸಿತ್ತು. ಅವನ್ನೂ ಹಾಗೇ ಇಟ್ಟು ಕಣಜ ಹೊರಬರುವವರೆಗೆ ಕಾದೆ. ಗೈಡ್ ಬೈದರು. ಅದು ಬೇರೆ ಕಥೆ.

ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಹುಳು ತಿನ್ನುವುದು ನಿಲ್ಲಿಸಿ ತಳಕ್ಕೆ ಹೋಗಿ ಮಣ್ಣಿನ ಗೂಡು ಮಾಡಿಕೊಳ್ಳುತ್ತೆ. ಇಲ್ಲಿಂದ ಮುಂದೆ ಕೈ ಹಾಕಬಾರದು. ಹೆಚ್ಚಿನವರು ಸೋಲುವುದೇ ಇಲ್ಲಿ, ತೆಗೆದು ನೋಡದೆ ಇರಕ್ಕಾಗಲ್ಲ. ಗೂಡು ಒಡೆದರೆ ಕೋಶಾವಸ್ಥೆಯಲ್ಲೇ ಸೊಟ್ಟಗಾಗಿ ರೆಕ್ಕೆ ಮಡಿಚಿಕೊಂಡ ದುಂಬಿ ಬರುತ್ತೆ. ಆಕಸ್ಮಿಕವಾಗಿ ಒಡೆದವಕ್ಕೆ ಒಂದು ಉಪಾಯ ಇದೆ. ಹೂವಿನ ಬೊಕೆ ಚುಚ್ಚುವ ಹಸಿರು ಫೋಮ್ ತಂದು, ನೆನೆಸಿ ಹಿಂಡಿ, ಹೆಬ್ಬೆರಳಲ್ಲಿ ಗುಳಿ ಒತ್ತಿ ಅದರಲ್ಲಿ ಮಲಗಿಸಿ. ನನಗೆ ಹತ್ತರಲ್ಲಿ ಆರೇಳು ಉಳಿದವು.

ನವೆಂಬರ್‌ನಲ್ಲಿ ಗೂಡು ಬಿಡಿಸಿದರೆ ದುಂಬಿ ರೆಡಿ. ಅಲ್ಲಾಡಲ್ಲ. ನೋಡಿದವರು "ಸತ್ತಿದೆ, ಎಸಿ" ಅಂದರು. ಸತ್ತಿರಲಿಲ್ಲ. ಬೇಸಿಗೆಯ ಮೊದಲ ಜೋರು ಮಳೆ ಬರುವ ತನಕ ಅದು ಮಣ್ಣಲ್ಲೇ ಕೂರುವುದು. ಆಮೇಲೆ ಸಂಜೆ ಕತ್ತಲಾಗುತ್ತಲೇ ಎದ್ದು ಬೇವಿನ ಮರಕ್ಕೆ ಮುತ್ತುತ್ತೆ. ಎಲ್ಲ ಕೀಟಕ್ಕೂ ಬೇವೇ ಮದ್ದು ಅನ್ನುವವರಿಗೆ ಆ ಮರ ಒಮ್ಮೆ ತೋರಿಸಬೇಕು.

ನನಗೆ ದುಂಬಿಗಿಂತ ಮುಖ್ಯವಾದದ್ದು ಗೂಡಿನ ತಳದಲ್ಲಿ ಮುದುಡಿ ಬಿದ್ದಿದ್ದ ಹುಳುವಿನ ಕೊನೆಯ ಪೊರೆ. ಇದನ್ನು ಎಲ್ಲರೂ ಕಸ ಅಂತ ಎಸೆಯುತ್ತಾರೆ. ಬಿಸಿನೀರಿಗೆ ಒಂದು ತೊಟ್ಟು ಸೋಪು ಹಾಕಿ ನೆನೆಸಿ, ಎರಡು ಸೂಜಿಯಲ್ಲಿ ನಿಧಾನ ಬಿಡಿಸಿದರೆ ತಲೆಚಿಪ್ಪು, ದವಡೆ, ಗುದದ ಮುಂದಿನ ಮುಳ್ಳುಗಳ ಸಾಲು ಎಲ್ಲಾ ಹಾಗೇ ಇದೆ. ಗುದದ ಸೀಳು ವೈ ಆಕಾರದಲ್ಲಿದ್ದರೆ ಮೆಲೊಲಾಂಥಿನೇ ಎಂಬ ದುಂಬಿಗಳ ಗುಂಪು, ಅಡ್ಡಗೆರೆ ಆದರೆ ಇನ್ನೊಂದು ಗುಂಪಿನ ಅನೋಮಲದಂಥವು. ಅನೋಮಲ ಇನ್ನೂ ಸುಲಭ, ಅದರ ಪೊರೆ ಬೆನ್ನ ಮೇಲೆ ಸೀಳಿ ಕೋಶದ ಸುತ್ತಲೇ ಉಳಿದಿರುತ್ತೆ. ಹುಳುವನ್ನು ಕೊಲ್ಲದೆ ಹುಳುವಿನ ಗುರುತೂ ಸಿಕ್ಕಿತು, ದುಂಬಿಯೂ ಸಿಕ್ಕಿತು.

ಮಧ್ಯೆ ಒಂದು ಹುಚ್ಚು. ತಿಪ್ಪೆಯಲ್ಲಿ ಸಿಗುವ ಹುಳುಗಳನ್ನೂ ತಂದು ಟೈಲ್ಸ್ ಮೇಲೆ ಬಿಟ್ಟೆ. ಕೆಲವು ಕಾಲು ಮೇಲೆ ಮಾಡಿ ಬೆನ್ನಲ್ಲೇ ಸರಸರ ತೆವಳಿದವು. ಅವು ಹೂದುಂಬಿಯ ಗುಂಪು, ಸಿಟೋನಿನೇ, ಕೊಳೆತದ್ದನ್ನು ತಿನ್ನುವವು. ಬೇರಿನ ಗೊಣ್ಣೆ ಅಂತ ರೈತರು ಅವನ್ನೂ ಸಾಯಿಸುತ್ತಾರೆ. ಈಗ ಹೋದಲ್ಲೆಲ್ಲ ಇದನ್ನೇ ಮಾಡಿ ತೋರಿಸುತ್ತೇನೆ.

ಕಳೆದ ಸಲ ನೂರು ಡಬ್ಬಿಯಲ್ಲಿ ಅರವತ್ತರಷ್ಟು ದುಂಬಿ ಬಂದವು. ಹೆಚ್ಚಿನವು ಹೋಲೊಟ್ರೈಕಿಯಾ ಸೆರಾಟಾ, 1781ರಲ್ಲೇ ಕೀಟವಿಜ್ಞಾನಿ ಫ್ಯಾಬ್ರೀಷಿಯಸ್ ಹೆಸರಿಟ್ಟದ್ದು. ಖಾತ್ರಿಗೆ ಗಂಡಿನ ಜನನಾಂಗ ಬಿಡಿಸಿ ನೋಡಿದೆ, ಜಾತಿಯಿಂದ ಜಾತಿಗೆ ಅದರ ಆಕಾರ ಬೇರೆ. ಹೊಸ ದುಂಬಿ ಮೆತ್ತಗಿರುತ್ತೆ, ಬಣ್ಣ ಗಾಢವಾಗುವವರೆಗೆ ಕಾಯಿರಿ. ಇನ್ನೊಂದು ನಾಲ್ಕೈದು ಗೊತ್ತಿರುವ ಯಾವ ಜಾತಿಗೂ ಹೊಂದುತ್ತಿಲ್ಲ. ಅವುಗಳ ಬಗ್ಗೆ ಈಗಲೇ ಬಾಯಿಬಿಡಲ್ಲ.

ಪೊರೆಯನ್ನು ಗ್ಲಿಸರಿನ್ ತುಂಬಿದ ಸಣ್ಣ ಸೀಸೆಗೆ (ವಯಲ್) ಹಾಕಿ, ಅದೇ ದುಂಬಿಯ ಪಿನ್ನಿಗೆ ಕೆಳಗೆ ಚುಚ್ಚಿಡಿ, ನಂಬರ್ ಎರಡಕ್ಕೂ ಒಂದೇ ಇರಲಿ. ಬಾರ್‌ಕೋಡ್ ಮಾಡಿಸು ಅಂದವರೇ ಈಗ ತಮ್ಮ ಹುಳು ತಂದು ಸಾಕಿಕೊಡು ಅನ್ನುತ್ತಾರೆ. ಸಾಕುತ್ತೇನೆ. ಡಬ್ಬಿ ಮಾತ್ರ ಅವರೇ ತರಬೇಕು.