ತಾಂಗ್‌ಶಾನ್: ಒಂದು ಕೈಗಾರಿಕಾ ನಗರದ ಚರಿತ್ರೆಯನ್ನು ಓದುವ ಬಗೆ

ಉತ್ತರ ಚೀನಾದ ಹೆಬೆಯಿ ಪ್ರಾಂತದ ತಾಂಗ್‌ಶಾನ್ ನಗರದ ಬಗ್ಗೆ ತಿಳಿಯಲು ಹೊರಟವರಲ್ಲಿ ಹೆಚ್ಚಿನವರು 1976ರ ಭೂಕಂಪದಿಂದ ಓದು ಶುರುಮಾಡುತ್ತಾರೆ. ಆ ದುರಂತದ ಗಾತ್ರ ಅಷ್ಟು ದೊಡ್ಡದಾದ್ದರಿಂದ ಇದು ಸಹಜವೇ; ಆದರೆ ಹಾಗೆ ಶುರುಮಾಡಿದರೆ, ಅಲ್ಲಿ ಅಷ್ಟು ಜನ ಯಾಕೆ ಸೇರಿದ್ದರು, ಅವರು ಎಂಥ ಮನೆಗಳಲ್ಲಿದ್ದರು, ಬೀಳದೆ ಉಳಿದದ್ದು ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಈ ಊರಿನ ಚರಿತ್ರೆಯನ್ನು ಕ್ರಮವಾಗಿ ಅಭ್ಯಾಸ ಮಾಡಬೇಕೆನ್ನುವವರು ನೂರು ವರ್ಷ ಹಿಂದಕ್ಕೆ ಹೋಗಿ ಕಲ್ಲಿದ್ದಲಿನ ಗಣಿಬಾವಿಯಿಂದ ಆರಂಭಿಸಿ, ಕಲ್ಲಿದ್ದಲು ಯಾವ ಯಾವ ದಾರಿಯಲ್ಲಿ ಸಾಗಿತೋ ಅದೇ ದಾರಿಯಲ್ಲಿ ನಡೆಯುವುದು ಒಳ್ಳೆಯದು. ಇಲ್ಲಿಯ ರೈಲು, ಸಿಮೆಂಟು, ಪಿಂಗಾಣಿ, ಉಕ್ಕು ಎಲ್ಲವೂ ಆ ಬಾವಿಯ ಸುತ್ತಲೇ ಬೆಳೆದಿವೆ.

ಓದಿಗೆ ಕೂರುವ ಮೊದಲು ಹೆಸರುಗಳ ಒಂದು ಪಟ್ಟಿ ಮಾಡಿಕೊಳ್ಳಬೇಕು. ಇದು ಬೇಸರದ ಕೆಲಸ, ಆದರೆ ಬಿಟ್ಟರೆ ಮುಂದೆ ತೊಂದರೆ ತಪ್ಪದು. ಹಳೆಯ ಬ್ರಿಟಿಷ್ ದಾಖಲೆಗಳಲ್ಲಿ ಟಾಂಗ್ ಕಿಂಗ್‌ಸಿಂಗ್ ಎಂದು ಬರುವವನೂ ಇಂದಿನ ಚೀನೀ ಪುಸ್ತಕಗಳಲ್ಲಿ ತಾಂಗ್ ತಿಂಗ್‌ಶು ಎಂದು ಬರುವವನೂ ಒಬ್ಬನೇ. ಚಾಂಗ್ ಯೆನ್‌ಮಾವ್ ಮತ್ತು ಝಾಂಗ್ ಯಿ ಕೂಡ ಒಬ್ಬನೇ ಅಧಿಕಾರಿಯ ಎರಡು ಹೆಸರುಗಳು. ತಾಂಗ್‌ಶಾನ್‌ಗೆ ಹತ್ತಿರದ ಲುವಾನ್‌ಝೌ ಎಂಬ ಸ್ಥಳವನ್ನು ಹಳೆಯ ಕಾಗದಗಳು ಲಾಂಚೌ ಎಂದು ಬರೆಯುವುದರಿಂದ, ಅದನ್ನು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗಾನ್ಸು ಪ್ರಾಂತದ ಲಾನ್‌ಝೌ ಎಂದೇ ತಿಳಿದು ದಾರಿ ತಪ್ಪುವವರಿದ್ದಾರೆ. ಇಲ್ಲಿಯ ಮೊದಲ ಗಣಿಗಳ ಹೆಸರಾದ ಕೈಪಿಂಗ್ ಎಂಬ ಹೆಸರಿನ ಊರು ದಕ್ಷಿಣದ ಗುವಾಂಗ್‌ಡಾಂಗ್‌ನಲ್ಲಿಯೂ ಇದೆ. ಇಷ್ಟು ಸಾಲದೆಂಬಂತೆ, ವಿದೇಶಗಳಲ್ಲಿ ನೆಲೆಸಿದ ಚೀನೀಯರು ತಮ್ಮ ತಾಯ್ನಾಡನ್ನೇ 'ತಾಂಗ್‌ಶಾನ್' ಎಂದು ಕರೆಯುವ ರೂಢಿಯಿದ್ದು, ಅವರ ಪತ್ರಗಳಲ್ಲಿ ಕಾಣುವ ತಾಂಗ್‌ಶಾನ್‌ಗೂ ಈ ನಗರಕ್ಕೂ ಸಂಬಂಧವೇ ಇರುವುದಿಲ್ಲ.

ಇಸವಿಗಳ ವಿಷಯದಲ್ಲಿಯೂ ಒಂದು ಸಣ್ಣ ಲೆಕ್ಕ ಕೈಯಲ್ಲಿರಲಿ. ಚಿಂಗ್ ರಾಜವಂಶದ ಕಾಲದ ದಾಖಲೆಗಳು ಗುವಾಂಗ್‌ಶು ಚಕ್ರವರ್ತಿಯ ಆಳ್ವಿಕೆಯ ವರ್ಷವನ್ನು ಕೊಡುತ್ತವೆ. ಆ ಸಂಖ್ಯೆಗೆ 1874 ಸೇರಿಸಿದರೆ ನಮ್ಮ ಇಸವಿ ಸಿಗುತ್ತದೆ, ಅಂದರೆ ಗುವಾಂಗ್‌ಶು 7 ಎಂದರೆ 1881. ಗಣರಾಜ್ಯದ ಕಾಲದ ವರ್ಷಕ್ಕೆ 1911 ಸೇರಿಸಬೇಕು. ಚಾಂದ್ರಮಾನದ ಹನ್ನೆರಡನೆಯ ತಿಂಗಳಿನ ಘಟನೆಗಳು ನಮ್ಮ ಲೆಕ್ಕದಲ್ಲಿ ಮುಂದಿನ ಇಸವಿಗೆ ಜಾರಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಈಗ ಗಣಿಗೆ ಬರೋಣ. 1870ರ ದಶಕದಲ್ಲಿ ಚೀನಾದ ಉಗಿಹಡಗುಗಳಿಗೆ ಮತ್ತು ಹೊಸ ಶಸ್ತ್ರಾಗಾರಗಳಿಗೆ ಕಲ್ಲಿದ್ದಲು ಬೇಕಾಗಿತ್ತು, ಅದರ ಬಹುಪಾಲು ಹೊರದೇಶಗಳಿಂದ ಬರುತ್ತಿತ್ತು. ಉತ್ತರದ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಲಿ ಹೊಂಗ್‌ಝಾಂಗ್ 1876ರಲ್ಲಿ ತಾಂಗ್ ತಿಂಗ್‌ಶುವನ್ನು ಈ ಪ್ರದೇಶದ ಸಮೀಕ್ಷೆಗೆ ಕಳಿಸಿದನು. ತಾಂಗ್ ಮೊದಲು ಬ್ರಿಟಿಷ್ ವ್ಯಾಪಾರ ಸಂಸ್ಥೆಯೊಂದರ ಮಧ್ಯವರ್ತಿಯಾಗಿದ್ದವನು, ಆಮೇಲೆ ಚೀನೀ ಉಗಿಹಡಗು ಕಂಪನಿಯನ್ನು ನಡೆಸುತ್ತಿದ್ದವನು. ಎಂದರೆ ಕಲ್ಲಿದ್ದಲು ತೆಗೆಯಲು ಹೋದವನೇ ಅದರ ದೊಡ್ಡ ಗಿರಾಕಿಯೂ ಆಗಿದ್ದನು. 1878ರಲ್ಲಿ ಕೈಪಿಂಗ್ ಗಣಿ ಕಚೇರಿ ತೆರೆಯಿತು, ಚಿಯಾವ್‌ತುನ್ ಎಂಬ ಹಳ್ಳಿಯ ಬಳಿ ಬಾವಿ ತೋಡುವ ಕೆಲಸ ಆರಂಭವಾಯಿತು, 1881ರ ಹೊತ್ತಿಗೆ ಕಲ್ಲಿದ್ದಲು ಮೇಲೆ ಬರತೊಡಗಿತು. ಆ ಮೊದಲ ಬಾವಿಯ ಜಾಗ ಈಗ ಗಣಿ ಉದ್ಯಾನವಾಗಿ ನಗರದ ನಡುವೆಯೇ ಇದೆ. ನಿಮ್ಮ ನಕ್ಷೆಯಲ್ಲಿ ಮೊದಲ ಚುಕ್ಕೆಯನ್ನು ಅಲ್ಲಿ ಇಡಬೇಕು.

ಎರಡನೆಯ ಹೆಜ್ಜೆ, ಆ ಚುಕ್ಕೆಯಿಂದ ಗೆರೆ ಎಳೆಯುವುದು. ಕಲ್ಲಿದ್ದಲನ್ನು ತೆಗೆಯುವುದಕ್ಕಿಂತ ಸಾಗಿಸುವುದೇ ಕಷ್ಟವಾಗಿತ್ತು. ಲುತಾಯ್‌ನಿಂದ ಶುಗೆಝುವಾಂಗ್‌ವರೆಗೆ ಕಾಲುವೆ ತೋಡಿದರು. ಅಲ್ಲಿಂದ ಗಣಿಯವರೆಗಿನ ನೆಲ ಏರುತ್ತಾ ಹೋಗುವುದರಿಂದ ನೀರು ಹತ್ತಲಾರದೆ, ಉಳಿದ ಸುಮಾರು 10 ಕಿಲೋಮೀಟರಿಗೆ ಹಳಿ ಹಾಕಬೇಕಾಯಿತು. 1881ರಲ್ಲಿ ಮುಗಿದ ಈ ತುಂಡು ಹಾದಿಯೇ ಚೀನೀಯರು ತಾವೇ ಹಾಕಿಸಿ ಉಳಿಸಿಕೊಂಡ ಮೊದಲ ರೈಲುಮಾರ್ಗ. ಖರ್ಚು ಉಳಿಸಲು ಹಳಿಗಳ ನಡುವಿನ ಅಂತರ ಕಿರಿದಾಗಿರಲಿ ಎಂಬ ಸಲಹೆಗಳಿದ್ದರೂ, ಇಂಗ್ಲಿಷ್ ಎಂಜಿನಿಯರ್ ಕ್ಲಾಡ್ ಕಿಂಡರ್ 1,435 ಮಿಲಿಮೀಟರಿಗೆ ಪಟ್ಟುಹಿಡಿದನು. ಮುಂದೆ ಈ ಮಾರ್ಗ 1888ರಲ್ಲಿ ತಿಯಾನ್‌ಜಿನ್ ತಲುಪಿ, ಅಲ್ಲಿಂದ ಬೆಳೆಯುತ್ತಾ ಹೋದಾಗ ಆ ಅಳತೆಯೇ ದೇಶದ ಅಳತೆಯಾಯಿತು. ಹತ್ತು ಕಿಲೋಮೀಟರಿನ ಹಟ ಎಷ್ಟು ದೂರ ಹೋಯಿತೆಂಬುದನ್ನು ನೋಡಿದರೆ, ಆರಂಭದ ನಿರ್ಧಾರಗಳನ್ನು ಅವಸರದಲ್ಲಿ ದಾಟಿಹೋಗಬಾರದೆಂದು ತಿಳಿಯುತ್ತದೆ.

ಇದೇ ಹಾದಿಯ ಬಗ್ಗೆ ಎರಡು ಕಥೆಗಳು ಸಿಗುತ್ತವೆ. ಆಕರಗಳನ್ನು ತೂಗಿನೋಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಡಿಮೆ. ಒಂದು ಕಥೆಯಲ್ಲಿ ಬಂಡಿಗಳನ್ನು ಹೇಸರಗತ್ತೆಗಳು ಎಳೆಯುತ್ತವೆ, ಏಕೆಂದರೆ ಉಗಿಯಂತ್ರದ ಸದ್ದಿಗೆ ಉತ್ತರದ ಝುನ್‌ಹುವಾದಲ್ಲಿ ಮಲಗಿರುವ ಚಕ್ರವರ್ತಿಗಳ ಸಮಾಧಿಗಳು ಕಂಪಿಸುತ್ತವೆ ಎಂಬ ಅಂಜಿಕೆ ಆಸ್ಥಾನದಲ್ಲಿತ್ತು. ಇನ್ನೊಂದು ಕಥೆಯಲ್ಲಿ ಕಿಂಡರ್ ಸದ್ದಿಲ್ಲದೆ ಗಣಿಯ ಕಾರ್ಯಾಗಾರದಲ್ಲಿ ಗುಜರಿ ಸಾಮಾನಿನಿಂದ ಒಂದು ಉಗಿಬಂಡಿ ಕಟ್ಟುತ್ತಾನೆ: ಬಾಯ್ಲರ್ ಭಾರ ಎತ್ತುವ ಸಂಚಾರಿ ಯಂತ್ರದ್ದು, ಚಕ್ರಗಳು ಹಳೆಯ ಕಬ್ಬಿಣದ ಲೆಕ್ಕದಲ್ಲಿ ಕೊಂಡವು, ಚೌಕಟ್ಟಿನ ಕಬ್ಬಿಣ ಗಣಿಬಾವಿಯ ಮೇಲಿನ ಕಟ್ಟಿನಿಂದ ಬಂದದ್ದು. ರೈಲು ಎಂಜಿನ್ನಿನ ಹರಿಕಾರ ಜಾರ್ಜ್ ಸ್ಟೀಫನ್‌ಸನ್ ಹುಟ್ಟಿ ನೂರು ವರ್ಷ ತುಂಬಿದ 1881ರ ಜೂನ್ 9ರಂದು ಅದಕ್ಕೆ 'ರಾಕೆಟ್ ಆಫ್ ಚೈನಾ' ಎಂದು ಹೆಸರಿಟ್ಟರು. ಕೆಲಸಗಾರರು ಎರಡೂ ಪಕ್ಕಕ್ಕೆ ಡ್ರ್ಯಾಗನ್ ಚಿತ್ರ ಕೂರಿಸಿದ್ದರಿಂದ ಚೀನೀಯರಿಗೆ ಅದು 'ಡ್ರ್ಯಾಗನ್' ಆಯಿತು. ಎರಡು ಕಥೆಗಳಲ್ಲಿ ಒಂದನ್ನು ಸುಳ್ಳೆಂದು ತಳ್ಳಬೇಕಾಗಿಲ್ಲ. ಹೇಸರಗತ್ತೆ ಮೊದಲು ಬಂದಿತು, ಯಂತ್ರ ಆಮೇಲೆ ಬಂದಿತು. ಯಾರು ಯಾವ ಭಾಗವನ್ನು ಹಿಗ್ಗಿಸಿ ಬರೆದಿದ್ದಾರೆಂಬುದನ್ನು ಗುರುತು ಹಾಕಿಕೊಂಡರೆ ಸಾಕು. ಆ ಕಾರ್ಯಾಗಾರದ ಪರಂಪರೆಯ ಕಾರ್ಖಾನೆಯೇ 2008ರಲ್ಲಿ ಬೀಜಿಂಗ್–ತಿಯಾನ್‌ಜಿನ್ ನಡುವೆ ಓಡಿದ ಅತಿವೇಗದ ರೈಲುಗಳನ್ನು ತಯಾರಿಸಿತು.

ಕಲ್ಲಿದ್ದಲು ಇದ್ದಲ್ಲಿ ಅದನ್ನು ಉರಿಸುವ ಗೂಡುಗಳೂ ಬರುತ್ತವೆ. ಪ್ರತಿ ಕಾರ್ಖಾನೆಯ ಬಗ್ಗೆ ಓದುವಾಗ ಉರುವಲು, ಕಲ್ಲು, ಮಣ್ಣು ಎಲ್ಲಿಂದ ಬಂದವು ಎಂದು ಕೇಳಿ. 1889ರಲ್ಲಿ ಇಲ್ಲಿ ಆರಂಭವಾದ ಸಿಮೆಂಟು ಕಾರ್ಖಾನೆಗೆ ಸುಣ್ಣಕಲ್ಲು ತಾಂಗ್‌ಶಾನ್‌ನದೇ ಆಗಿದ್ದರೂ ಜೇಡಿಮಣ್ಣನ್ನು ದೂರದ ಗುವಾಂಗ್‌ಡಾಂಗ್‌ನಿಂದ ತರಿಸುತ್ತಿದ್ದರು. ಖರ್ಚು ಏರಿ, ಸರಕು ಸರಿಬರದೆ, 1893ರಲ್ಲಿ ಬಾಗಿಲು ಹಾಕಬೇಕಾಯಿತು. 1906ರ ಸುಮಾರಿಗೆ ಅಧಿಕಾರಿಯೂ ಉದ್ಯಮಿಯೂ ಆಗಿದ್ದ ಝೌ ಶ್ವೇಶಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದಾಗ ಮಣ್ಣು ಸ್ಥಳೀಯವಾಗಿತ್ತು, ಯಂತ್ರಗಳು ಡೆನ್ಮಾರ್ಕಿನವಾಗಿದ್ದವು, ಮತ್ತು ಚಿಶಿನ್ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ನಡೆಯಿತು. ಇಲ್ಲಿಯ ಪಿಂಗಾಣಿ ಕೆಲಸ ಕಲ್ಲಿದ್ದಲಿಗಿಂತ ಹಳೆಯದು. ಅದನ್ನು ಪ್ರತ್ಯೇಕವಾಗಿಯೇ ಓದಬೇಕು.

ಅಭ್ಯಾಸಿಗಳು ಹೆಚ್ಚು ಎಡವುವುದು ಒಡೆತನದ ಪ್ರಶ್ನೆಯಲ್ಲಿ. 1900ರಲ್ಲಿ ವಿದೇಶೀಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ಗಲಭೆಯ ನಡುವೆ, ಗಣಿಗಳ ಮುಖ್ಯಸ್ಥನಾಗಿದ್ದ ಝಾಂಗ್ ಯಿ ಆಸ್ತಿ ಪರಕೀಯ ಸೇನೆಗಳ ಪಾಲಾಗದಿರಲೆಂದು ಅದನ್ನು ಬ್ರಿಟಿಷ್ ಕಂಪನಿಯ ರಕ್ಷಣೆಯಲ್ಲಿಡಲು ಒಪ್ಪಿದನು. ಆ ಕರಾರಿನ ಇನ್ನೊಂದು ಬದಿಯಲ್ಲಿದ್ದ ತರುಣ ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್; 1929ರಲ್ಲಿ ಅಮೆರಿಕದ ಅಧ್ಯಕ್ಷನಾದವನು ಅವನೇ. ಕಂಪನಿ ಲಂಡನ್ನಿನಲ್ಲಿ ನೋಂದಣಿಯಾಯಿತು, ಚೀನೀಯರಿಗೆ ಆಡಳಿತದಲ್ಲಿ ಪಾಲು ಉಂಟೆಂದು ಹೇಳಿದ ಒಪ್ಪಂದಪತ್ರವನ್ನು ಬದಿಗಿಡಲಾಯಿತು. ಝಾಂಗ್ ಲಂಡನ್ನಿನ ನ್ಯಾಯಾಲಯಕ್ಕೆ ಹೋದನು. 1905ರಲ್ಲಿ ಆ ಪತ್ರ ಕಂಪನಿಯನ್ನು ಕಟ್ಟಿಹಾಕುತ್ತದೆಂದು ತೀರ್ಪು ಬಂದರೂ ಗಣಿಗಳು ಮರಳಿ ಬರಲಿಲ್ಲ. ಆಗ ಉತ್ತರದ ಪ್ರಬಲ ಅಧಿಕಾರಿ ಯುವಾನ್ ಶಿಕಾಯ್‌ನ ಬೆಂಬಲದಿಂದ ಝೌ ಶ್ವೇಶಿ 1907ರಲ್ಲಿ ಕೈಪಿಂಗ್ ಗಣಿಗಳ ಸುತ್ತ ಲುವಾನ್‌ಝೌ ಗಣಿ ಕಂಪನಿ ಕಟ್ಟಿದನು. ಪೈಪೋಟಿಯಿಂದ ಬ್ರಿಟಿಷರನ್ನು ಮಣಿಸಿ ಗಣಿ ಹಿಂಪಡೆಯುವುದು ಉದ್ದೇಶವಾಗಿತ್ತು. ಎರಡೂ ಕಡೆ ಬೆಲೆ ಇಳಿಸುತ್ತಾ ಸೊರಗಿ, 1912ರಲ್ಲಿ ಒಂದೇ ಆಡಳಿತದಡಿ ಸೇರಿ ಕೈಲುವಾನ್ ಆದವು. 3 ಲಕ್ಷ ಪೌಂಡುವರೆಗಿನ ಲಾಭದಲ್ಲಿ ಬ್ರಿಟಿಷ್ ಕಡೆಗೆ ನೂರಕ್ಕೆ 60, ಚೀನೀ ಕಡೆಗೆ 40. ಈ ಭಾಗವನ್ನು ಬರೆಯುವವರು ಒಡೆತನ, ಆಡಳಿತ, ಲಾಭ ಎಂಬ ಮೂರನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆದಿಟ್ಟುಕೊಳ್ಳಬೇಕು. 'ಗಣಿ ಕಸಿದರು' ಅಥವಾ 'ಗಣಿ ಮಾರಿದರು' ಎಂಬ ಒಂದೇ ಮಾತಿನಲ್ಲಿ ಮುಗಿಸುವ ಪುಸ್ತಕಗಳನ್ನು ನಾನು ಎಚ್ಚರಿಕೆಯಿಂದಲೇ ಓದುತ್ತೇನೆ.

ದಾಖಲೆಗಳನ್ನು ಹುಡುಕುವಾಗ ತಾಂಗ್‌ಶಾನ್‌ಗೆ ಮಾತ್ರ ಅಂಟಿಕೊಳ್ಳಬಾರದು. ಗಣಿಯ ಲೆಕ್ಕಪತ್ರ ತಿಯಾನ್‌ಜಿನ್‌ನಲ್ಲಿ ನಡೆಯುತ್ತಿತ್ತು. ಚಳಿಗಾಲದಲ್ಲೂ ಹೆಪ್ಪುಗಟ್ಟದ ಚಿನ್‌ಹುವಾಂಗ್‌ದಾವ್ ಬಂದರಿನಲ್ಲಿ ಹಡಗು ತುಂಬುತ್ತಿತ್ತು. ಬೆವರು ಮಾತ್ರ ಇಲ್ಲಿ ಸುರಿಯುತ್ತಿತ್ತು. 1922ರ ಅಕ್ಟೋಬರಿನಲ್ಲಿ ಕೈಲುವಾನ್‌ನ ಐದು ಗಣಿಗಳಲ್ಲಿ ನಡೆದ ಮುಷ್ಕರವನ್ನು ಓದುವಾಗ ಆಡಳಿತದ ಪತ್ರಗಳನ್ನೂ ಕಾರ್ಮಿಕ ಚಳವಳಿಯ ಬರಹಗಳನ್ನೂ ಎದುರುಬದುರು ಇಟ್ಟುಕೊಳ್ಳಬೇಕು. ಕೆಲಸಗಾರರು ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದುದರಿಂದ ಆಡಳಿತದ ಲೆಕ್ಕದಲ್ಲಿ ಅವರ ಕೂಲಿ ನೇರವಾಗಿ ಕಾಣುವುದೇ ಇಲ್ಲ. ಜಪಾನೀ ಆಕ್ರಮಣದ ಕಾಲ ಬಂದಾಗ ಎರಡು ಇಸವಿಗಳನ್ನು ಗುರುತಿಸಿ: 1938ರಲ್ಲಿ ತಾಂಗ್‌ಶಾನ್ ಆಡಳಿತದ ಲೆಕ್ಕದಲ್ಲಿ 'ನಗರ'ವಾಯಿತು, 1943ರಲ್ಲಿ ಇಂದಿನ ತಾಂಗ್‌ಶಾನ್ ಉಕ್ಕು ಕಾರ್ಖಾನೆಗೆ ಅಡಿಪಾಯ ಬಿದ್ದಿತು. 1948ರ ಡಿಸೆಂಬರಿನಲ್ಲಿ ಊರು ಕಮ್ಯುನಿಸ್ಟ್ ಸೇನೆಯ ವಶವಾಯಿತು.

ಇಷ್ಟು ಓದಿದ ಮೇಲೆ 1976ರ ಜುಲೈ 28ಕ್ಕೆ ಬನ್ನಿ. ಬೆಳಗಿನ ಜಾವ 3 ಗಂಟೆ 42 ನಿಮಿಷಕ್ಕೆ, ಚೀನೀ ಮಾಪನದಲ್ಲಿ 7.8 ತೀವ್ರತೆಯ ಭೂಕಂಪ ನಗರದ ಅಡಿಯಲ್ಲೇ ಸಂಭವಿಸಿತು. ಅದೇ ಸಂಜೆ ಲುವಾನ್‌ಶಿಯಾನ್ ಬಳಿ 7.1ರ ಮತ್ತೊಂದು ಕಂಪನವಾಯಿತು. ಈ ಪ್ರದೇಶಕ್ಕೆ ಕಟ್ಟಡ ನಿಯಮಗಳಲ್ಲಿ ಕಡಿಮೆ ಅಪಾಯದ ಮಟ್ಟ ನಿಗದಿಯಾಗಿತ್ತು; ಬಲಪಡಿಸದ ಇಟ್ಟಿಗೆ ಗೋಡೆಗಳ ಮೇಲೆ ಸಿದ್ಧ ಕಾಂಕ್ರೀಟ್ ಹಲಗೆಗಳನ್ನು ಹೊದಿಸಿದ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಅದೇ ಹೊತ್ತಿನಲ್ಲಿ ನೆಲದಡಿಯ ಗಣಿಗಳಲ್ಲಿ ರಾತ್ರಿ ಪಾಳಿಯಲ್ಲಿದ್ದ ಸುಮಾರು 10,000 ಮಂದಿಯಲ್ಲಿ ಬಹುತೇಕ ಎಲ್ಲರೂ ಬದುಕಿ ಮೇಲೆ ಬಂದರು, ಏಕೆಂದರೆ ಆಳಕ್ಕೆ ಹೋದಂತೆ ಅಲುಗಾಟ ಕಡಿಮೆಯಾಗುತ್ತದೆ. ಸಂಪರ್ಕ ಕಡಿದುಹೋದಾಗ ಸುದ್ದಿಯನ್ನು ಬೀಜಿಂಗ್‌ಗೆ ಮುಟ್ಟಿಸಿದವರೂ ಗಣಿಯವರೇ. ಗಣಿಯ ಕೆಂಪು ಆಂಬುಲೆನ್ಸ್ ಹತ್ತಿ ಹೊರಟ ನಾಲ್ವರು ನೇರವಾಗಿ ನಾಯಕರ ನಿವಾಸದ ಬಾಗಿಲಿಗೇ ಹೋಗಿ ನಿಂತರು. ಗಣಿಯ ಚರಿತ್ರೆ ಗೊತ್ತಿಲ್ಲದವರಿಗೆ ಈ ಎರಡು ಸಂಗತಿಗಳು ಬರೀ ಸ್ವಾರಸ್ಯದ ಪ್ರಸಂಗಗಳಾಗಿ ಕಾಣುತ್ತವೆ.

ಸಾವಿನ ಸಂಖ್ಯೆಯನ್ನು ಬರೆಯುವಾಗ ಅದು ಯಾವಾಗ, ಯಾರು ಹೇಳಿದ ಸಂಖ್ಯೆ ಎಂಬುದನ್ನು ಜೊತೆಗೇ ಬರೆಯಿರಿ. ಸರ್ಕಾರ ಹೊರಗಿನ ನೆರವನ್ನು ನಿರಾಕರಿಸಿತ್ತು; 2 ಲಕ್ಷ 42 ಸಾವಿರಕ್ಕೂ ಮೀರಿದ ಅಧಿಕೃತ ಸಂಖ್ಯೆ ಹೊರಬಿದ್ದದ್ದು 1979ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಹರಿದಾಡಿದ 6 ಲಕ್ಷ 55 ಸಾವಿರ ಆರಂಭದ ಅಂದಾಜು, ಅದನ್ನು ಈಗಲೂ ಕೆಲವರು ಎತ್ತಿ ಬರೆಯುವುದುಂಟು.

ಪುನರ್ನಿರ್ಮಾಣವನ್ನು ಅರ್ಥಮಾಡಿಕೊಳ್ಳಲು ಮತ್ತೆ ನಕ್ಷೆಯೇ ಬೇಕು. ನಗರದ ನಕ್ಷೆಯ ಮೇಲೆ ತೆಳುವಾದ ಕಾಗದ ಹಾಸಿ, ನೈಋತ್ಯದಿಂದ ಈಶಾನ್ಯಕ್ಕೆ ಹಾಯುವ ಭೂಸ್ತರದ ಬಿರುಕನ್ನು ಒಂದು ಬಣ್ಣದಲ್ಲಿ, ಗಣಿ ತೋಡಿ ನೆಲ ಕುಸಿದ ದಕ್ಷಿಣ ಭಾಗವನ್ನು ಇನ್ನೊಂದು ಬಣ್ಣದಲ್ಲಿ ಗುರುತಿಸಿ. ಹಳೆಯ ಜನವಸತಿಯನ್ನು ಹರಡಿ, ಉತ್ತರದ ಫೆಂಗ್‌ರುನ್‌ನಲ್ಲಿ ಹೊಸ ಬಡಾವಣೆ ಕಟ್ಟಿದ್ದು ಯಾಕೆಂದು ಆಗ ಹೇಳಬೇಕಾಗುವುದಿಲ್ಲ. ಕುಸಿದ ನೆಲ ಬಹುಕಾಲ ಭೂಕಂಪದ ಅವಶೇಷ, ಹಾರುಬೂದಿ ಮತ್ತು ಊರಿನ ಕಸ ಸುರಿಯುವ ಜಾಗವಾಗಿತ್ತು. ಅದೇ ಈಗಿನ ನಾನ್‌ಹು ಸರೋವರ ಉದ್ಯಾನ, 2016ರ ವಿಶ್ವ ತೋಟಗಾರಿಕಾ ಪ್ರದರ್ಶನ ನಡೆದ ಸ್ಥಳ.

ಕೊನೆಗೆ ಉಕ್ಕು. ತಾಂಗ್‌ಶಾನ್ ವರ್ಷಕ್ಕೆ 10 ಕೋಟಿ ಟನ್ನಿಗೂ ಹೆಚ್ಚು ಉಕ್ಕು ತಯಾರಿಸುತ್ತದೆ ಎಂದು ಓದಿದಾಗ, ಇಲ್ಲಿ 'ನಗರ' ಎಂದರೆ ಸುತ್ತಲಿನ ಕೌಂಟಿಗಳನ್ನೂ ಸೇರಿಸಿದ ಆಡಳಿತ ಪ್ರದೇಶ ಎಂಬುದು ನೆನಪಿರಲಿ. 2020ರ ಜನಗಣತಿಯ ಸುಮಾರು 77 ಲಕ್ಷ ಜನಸಂಖ್ಯೆಯೂ ಆ ಇಡೀ ಪ್ರದೇಶದ್ದೇ. ದಕ್ಷಿಣದ ಕಡಲತೀರದ ಚಾವ್‌ಫೇಯ್‌ದಿಯಾನ್ ಮೊದಲು ಒಂದು ಮರಳು ದಿಬ್ಬವಾಗಿತ್ತು. ಅದರ ಎದುರಿಗೆ ದೊಡ್ಡ ಅದಿರು ಹಡಗುಗಳು ನಿಲ್ಲುವಷ್ಟು ಆಳದ ನೀರು, ಬೆನ್ನಿಗೆ ತುಂಬಿ ನೆಲ ಮಾಡಬಹುದಾದ ತೆಳುನೀರಿನ ಬಯಲು ಇದ್ದುದರಿಂದ, ಬೀಜಿಂಗ್‌ನ ಶೌಗಾಂಗ್ ಉಕ್ಕು ಕಂಪನಿಯ ಸ್ಥಳಾಂತರಕ್ಕೆ 2005ರಲ್ಲಿ ಅದನ್ನು ಆರಿಸಿದರು. 2009ರಲ್ಲಿ 5,500 ಘನ ಮೀಟರಿನ ಊದುಕುಲುಮೆ ಹೊತ್ತಿಕೊಂಡಿತು, 2010ರ ಕೊನೆಗೆ ಬೀಜಿಂಗ್‌ನ ಕುಲುಮೆಗಳು ಆರಿದವು. ರಾಜಧಾನಿಯ ಹೊಗೆಯನ್ನು ತಾಂಗ್‌ಶಾನ್‌ಗೆ ಸಾಗಹಾಕಿದರು ಎಂದು ಇದನ್ನು ಒಂದೇ ಸಾಲಿನಲ್ಲಿ ಬರೆಯುವವರಿದ್ದಾರೆ. ಆದರೆ ಶೌಗಾಂಗ್‌ನ ಕುಲುಮೆಗಳು ಬೀಜಿಂಗ್‌ನಲ್ಲಿ ಉರಿಯುತ್ತಿದ್ದಾಗಲೂ ಅವುಗಳ ಅದಿರು ಬರುತ್ತಿದ್ದುದು ತಾಂಗ್‌ಶಾನ್ ವ್ಯಾಪ್ತಿಯ ಚಿಯಾನ್‌ಆನ್‌ನ ಗಣಿಗಳಿಂದ, ಅದೂ 1959ರಲ್ಲಿ ಆ ಗಣಿಗಳು ಶುರುವಾದಾಗಿನಿಂದ. ಸ್ಥಳಾಂತರದ ಅಧ್ಯಾಯ ಬರೆಯುವವರು ಚಾವ್‌ಫೇಯ್‌ದಿಯಾನ್‌ನ ಮರಳಿನಿಂದಲ್ಲ, ಆ ಅದಿರಿನಿಂದ ಶುರುಮಾಡಬೇಕು.