ಪ್ರಾರ್ಥನೆಗೆ ಮೊದಲು ಬೂದಿ ತೆಗೆಯುವ ಕೆಲಸ

ಬೈಬಲ್ಲನ್ನು ಮೊದಲಿಂದ ಓದಲು ಹೊರಟವರು ಸಾಮಾನ್ಯವಾಗಿ ನಿಂತುಬಿಡುವುದು ಅದರ ಮೂರನೆಯ ಪುಸ್ತಕ, ಯಜ್ಞಗಳ ನಿಯಮಗಳಿರುವ ಯಾಜಕಕಾಂಡದಲ್ಲಿ. ಆದಿಕಾಂಡದಲ್ಲಿ ಕಥೆಗಳಿವೆ, ವಿಮೋಚನಕಾಂಡದಲ್ಲಿ ಕೆಂಪು ಸಮುದ್ರವಿದೆ. ಇಲ್ಲಿ ಬರುವುದು ರಕ್ತ, ಕೊಬ್ಬು, ಹಿಟ್ಟಿನ ಅಳತೆ. ಈ ಪುಸ್ತಕದ ಮೇಲೆ ಪ್ರಸಂಗ ಕೇಳುವುದೂ ಅಪರೂಪ. ಆದರೆ ನನ್ನ ದಿನದ ಪ್ರಾರ್ಥನೆಗೆ ಒಂದು ಕ್ರಮ ಸಿಕ್ಕಿದ್ದು ಇಲ್ಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು 6ನೇ ಅಧ್ಯಾಯ. ಯಜ್ಞವೇದಿಯ ಬೆಂಕಿ ಆರಬಾರದು ಎನ್ನುವ ಮಾತು ತುಂಬ ಜನಕ್ಕೆ ಗೊತ್ತು. ಅದರ ಜೊತೆಗೇ ಬರುವ ಬೂದಿಯ ಮಾತನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಸರ್ವಾಂಗಹೋಮ, ಅಂದರೆ ಪ್ರಾಣಿಯನ್ನು ಪೂರ್ತಿ ಸುಟ್ಟು ಅರ್ಪಿಸುವ ಯಜ್ಞ, ರಾತ್ರಿಯಿಡೀ ವೇದಿಯ ಮೇಲೆ ಉರಿಯುತ್ತದೆ. ಬೆಳಿಗ್ಗೆ ಯಾಜಕ ನಾರಿನ ಬಟ್ಟೆ ಹಾಕಿಕೊಂಡು ಬೂದಿಯನ್ನು ತೆಗೆದು ವೇದಿಯ ಪಕ್ಕದಲ್ಲಿ ಇಡಬೇಕು. ಆಮೇಲೆ ಬಟ್ಟೆ ಬದಲಾಯಿಸಿ, ಆ ಬೂದಿಯನ್ನು ಜನ ಬೀಡುಬಿಟ್ಟಿದ್ದ ಪಾಳೆಯದ ಹೊರಗೆ ಶುದ್ಧವಾದ ಜಾಗಕ್ಕೆ ಒಯ್ಯಬೇಕು. ಹೊಸ ಕಟ್ಟಿಗೆ ಇಡುವ ಮಾತು ಬರುವುದು ಇಷ್ಟಾದ ಮೇಲೆ.

ಯೆರೂಸಲೇಮಿನ ದೇವಾಲಯದಲ್ಲಿ ಈ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಯೆಹೂದ್ಯರ ಬಾಯಿಮಾತಿನ ನಿಯಮಗಳ ಸಂಗ್ರಹವಾದ ಮಿಷ್ನಾ ವಿವರವಾಗಿ ಹೇಳುತ್ತದೆ. ದೇವಾಲಯ ನಾಶವಾದದ್ದು ಕ್ರಿ.ಶ. 70ರಲ್ಲಿ, ಮಿಷ್ನಾ ಒಟ್ಟುಗೂಡಿದ್ದು ಸುಮಾರು 200ರ ಹೊತ್ತಿಗೆ. ಮೊದಮೊದಲು ಬೂದಿ ತೆಗೆಯಲು ಇಷ್ಟವಿದ್ದ ಯಾಜಕರು ವೇದಿಯ ಇಳಿಜಾರಿನ ಮೇಲೆ ಓಡುತ್ತಿದ್ದರಂತೆ. ಮುಂದೆ ಹೋದವನಿಗೆ ಕೆಲಸ. ಒಮ್ಮೆ ಇಬ್ಬರು ಸರಿಸಮನಾಗಿ ಓಡುವಾಗ ಒಬ್ಬ ಇನ್ನೊಬ್ಬನನ್ನು ತಳ್ಳಿ, ಬಿದ್ದವನ ಕಾಲು ಮುರಿಯಿತು. ಆಮೇಲೆ ಓಟ ನಿಲ್ಲಿಸಿ, ಯಾರ ಸರದಿ ಎಂದು ಎಣಿಕೆ ಹಾಕಿ ಆರಿಸುವ ಏರ್ಪಾಡಾಯಿತು. ಬೂದಿ ಬಾಚುವ ಕೆಲಸಕ್ಕೆ ಇಷ್ಟು ಪೈಪೋಟಿ!

ಆರಿಸಿದವನು ಒಬ್ಬನೇ ಹೋಗುತ್ತಿದ್ದ. ಕೈಯಲ್ಲಿ ದೀಪವಿಲ್ಲ. ವೇದಿಯ ಬೆಂಕಿಯ ಬೆಳಕಲ್ಲೇ ನಡೆಯಬೇಕು. ಉಳಿದವರಿಗೆ ಅವನು ಕಾಣುತ್ತಿರಲಿಲ್ಲ. ನೀರಿನ ಬೋಗುಣಿಯನ್ನು ಮೇಲೆತ್ತುವ ಮರದ ಯಂತ್ರದ ಸದ್ದು ಕೇಳಿದಾಗ, ಕೈಕಾಲು ತೊಳೆಯುತ್ತಿದ್ದಾನೆ ಎಂದು ತಿಳಿಯುತ್ತಿತ್ತು. ಮೇಲೆ ಹೋಗಿ ಕೆಂಡಗಳನ್ನು ಆಚೆ ಈಚೆ ಸರಿಸಿ, ಒಳಗೆ ಚೆನ್ನಾಗಿ ಸುಟ್ಟದ್ದನ್ನು ಬೆಳ್ಳಿಯ ಪಾತ್ರೆಯಲ್ಲಿ ಬಾಚಿಕೊಂಡು ಇಳಿಯುತ್ತಿದ್ದ.

ನಮ್ಮ ಅಮ್ಮ ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಾಗ ಬೆಳಿಗ್ಗೆ ಮೊದಲು ಬೂದಿ ಬಾಚುತ್ತಿದ್ದರು. ಇಲ್ಲದಿದ್ದರೆ ಗಾಳಿ ಆಡದೆ ಮನೆಯೆಲ್ಲ ಹೊಗೆ. ಪ್ರಾರ್ಥನೆಗೂ ಹೀಗೇ ಅಲ್ವಾ? ನಿನ್ನೆಯದು ಹಾಗೇ ಉಳಿದಿದ್ದರೆ ಇವತ್ತಿನ ಮಾತು ಏಳುವುದಿಲ್ಲ.

ನಾನು ಮಾಡುವುದು ಇಷ್ಟು. ಎದ್ದು ಕೈಕಾಲು ತೊಳೆದುಕೊಳ್ಳುತ್ತೇನೆ. ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ತಾರೀಖಿನ ಹಾಳೆ ಕೀಳುತ್ತೇನೆ. ಅದರ ಹಿಂಬದಿಯಲ್ಲಿ ನಿನ್ನೆಯ ದಿನವನ್ನು ನಾಲ್ಕೈದು ಸಾಲಿನಲ್ಲಿ ಬರೆಯುತ್ತೇನೆ. ಬೇಸರ, ಸಿಟ್ಟು ಮಾತ್ರವಲ್ಲ, ಚೆನ್ನಾಗಿ ಮುಗಿದ ಕೆಲಸ, ಉತ್ತರ ಸಿಕ್ಕ ಬೇಡಿಕೆ ಎಲ್ಲವನ್ನೂ. ಏಕೆಂದರೆ ಯಜ್ಞದ ಬೂದಿ ಕಸವಲ್ಲ. ದೇವರಿಗೆ ಅರ್ಪಿಸಿದ್ದರಲ್ಲಿ ಉಳಿದದ್ದು ಅದು. ಅದಕ್ಕೇ ಶುದ್ಧ ಜಾಗ ಬೇಕಿತ್ತು. ಆದರೂ ಅದು ವೇದಿಯ ಮೇಲೆ ಇರುವಂತಿಲ್ಲ. ನಿನ್ನೆಯ ಒಳ್ಳೆಯ ಪ್ರಾರ್ಥನೆಯ ಮೇಲೆ ಇವತ್ತು ಬದುಕಲು ಆಗುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಲ್ಲೇ. ಹಾಳೆಯನ್ನು ಓದಿ, ದೇವರ ಮುಂದೆ ಇಟ್ಟು, ಮಡಿಚಿ ಡಬ್ಬಿಗೆ ಹಾಕುತ್ತೇನೆ. ವಾರಕ್ಕೊಮ್ಮೆ ಹಿತ್ತಲಲ್ಲಿ ಸುಡುತ್ತೇನೆ. ಆಮೇಲೆ ಕೀರ್ತನೆ, ಆಮೇಲೆ ಬೇಡಿಕೆ.

ಹೊತ್ತು ಎರಡು. ವಿಮೋಚನಕಾಂಡದ ನಿಯಮದಂತೆ ದಿನವೂ ಒಂದು ವರ್ಷದ ಎರಡು ಕುರಿಮರಿಗಳನ್ನು ಅರ್ಪಿಸಬೇಕಿತ್ತು, ಬೆಳಿಗ್ಗೆ ಒಂದು, ಸಂಜೆ ಒಂದು. ಮನಸ್ಸು ಬಂದಾಗ ಎನ್ನುವ ಮಾತೇ ಅಲ್ಲಿಲ್ಲ. ನಾನೂ ಸುಮ್ನೆ ಅದನ್ನೇ ಹಿಡಿದೆ.

ಕಷ್ಟದ ಪಾಠ ಪ್ರಾಯಶ್ಚಿತ್ತಯಜ್ಞದ್ದು. ಇನ್ನೊಬ್ಬರದ್ದನ್ನು ಮೋಸದಿಂದ ಇಟ್ಟುಕೊಂಡವನು ಟಗರು ತಂದು ಕೈಮುಗಿದರೆ ಸಾಲದು. ತೆಗೆದುಕೊಂಡದ್ದನ್ನು ವಾಪಸು ಕೊಡಬೇಕು, ಅದರ ಐದನೆಯ ಒಂದು ಪಾಲನ್ನು ಮೇಲೆ ಸೇರಿಸಬೇಕು. ನೂರಕ್ಕೆ ನೂರಿಪ್ಪತ್ತು. ಆದ್ದರಿಂದ ನನ್ನ ಹಾಳೆಯಲ್ಲಿ ಕೊನೆಯ ಸಾಲು ಯಾವಾಗಲೂ ಒಂದೇ: ಯಾರಿಗೆ ಏನು ಕೊಡಬೇಕು? ಕೆಲಸದವರ ಕೂಲಿ ಇರಬಹುದು, ಕೈಗಡ ಇರಬಹುದು, ಒಂದು ಕ್ಷಮೆಯ ಮಾತಿರಬಹುದು. ಹಣವಾದರೆ ಸ್ವಲ್ಪ ಹೆಚ್ಚೇ ಸೇರಿಸಿ ಕೊಡುತ್ತೇನೆ. ಮಾತಾದರೆ ಫೋನಿನಲ್ಲಿ ಮುಗಿಸದೆ ಅವರ ಮನೆಗೇ ಹೋಗುತ್ತೇನೆ. ಆ ಹೆಚ್ಚಿನ ಪಾಲು ಅದು ಅಂದುಕೊಂಡಿದ್ದೇನೆ.

ಕೃತಜ್ಞತೆಯ ಯಜ್ಞದ ಮಾಂಸವನ್ನು ಅದೇ ದಿನ ತಿನ್ನಬೇಕಿತ್ತು, ಬೆಳಗಿನ ತನಕ ಉಳಿಸುವಂತಿರಲಿಲ್ಲ. ಒಂದು ಮನೆಯವರು ಒಂದೇ ದಿನದಲ್ಲಿ ಅಷ್ಟನ್ನು ತಿಂದು ಮುಗಿಸಲು ಸಾಧ್ಯವಾ? ನಾಲ್ಕು ಜನರನ್ನು ಕರೆಯಲೇಬೇಕು. ಹಾಗಾಗಿ ಒಳ್ಳೆಯದು ಏನಾದರೂ ಆದರೆ ಅದೇ ದಿನ ಊಟದ ಹೊತ್ತಿಗೆ ಎಲ್ಲರೆದುರು ಬಾಯಿಬಿಟ್ಟು ಹೇಳುವುದು ನಮ್ಮ ಮನೆಯ ರೂಢಿಯಾಗಿದೆ.

ಇದ್ಯಾವುದರಿಂದಲೂ ಪಾಪ ತೀರುತ್ತದೆ ಎಂದು ನಾನು ನಂಬಿಲ್ಲ. ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿ ಅದನ್ನು ಮುಗಿಸಿದ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಸ್ಪಷ್ಟವಾಗಿ ಹೇಳುತ್ತದೆ. ನಮಗೆ ಉಳಿದಿರುವುದು ತುಟಿಗಳ ಸ್ತೋತ್ರಯಜ್ಞ ಎಂದು ಹೇಳುವುದೂ ಅದೇ ಪತ್ರಿಕೆ. ಆ ಸ್ತೋತ್ರವನ್ನು ಹೇಗೆಂದರೆ ಹಾಗೆ ಮಾಡದಿರಲು ಯಾಜಕರಿಂದ ಕಲಿಯುತ್ತಿದ್ದೇನೆ, ಅಷ್ಟೇ.

ಮೈಗೆ ಹುಷಾರಿಲ್ಲದ ದಿನ, ಪ್ರಯಾಣದ ದಿನ, ಆಸ್ಪತ್ರೆಯಲ್ಲಿ ಯಾರ ಜೊತೆಗೋ ಕೂತ ರಾತ್ರಿ ಇಷ್ಟೆಲ್ಲ ಆಗುವುದಿಲ್ಲ. ಅದಕ್ಕೂ 5ನೇ ಅಧ್ಯಾಯದಲ್ಲಿ ದಾರಿಯಿದೆ. ಕುರಿ ತರಲು ಶಕ್ತಿಯಿಲ್ಲದವನು ಎರಡು ಪಾರಿವಾಳ ತರಬಹುದು. ಅದೂ ಆಗದಿದ್ದರೆ ಏಫಾ ಎನ್ನುವ ಧಾನ್ಯದ ಅಳತೆಯ ಹತ್ತನೆಯ ಒಂದು ಪಾಲು ಹಿಟ್ಟು ಸಾಕು. ಅದಕ್ಕೆ ಎಣ್ಣೆ ಬೇಡ, ಧೂಪ ಬೇಡ. ಅಂಥ ದಿನ ಹಾಳೆಯಲ್ಲಿ ಒಂದೇ ಸಾಲು ಬರೆಯುತ್ತೇನೆ, ನನ್ನ ಪ್ರಾರ್ಥನೆ ಧೂಪದಂತಿರಲಿ ಎನ್ನುವ 141ನೇ ಕೀರ್ತನೆಯ ಎರಡನೆಯ ವಚನ ಹೇಳುತ್ತೇನೆ, ಮೇಲೆ ಬೇರೆ ಮಾತು ಸೇರಿಸುವುದಿಲ್ಲ.